ಕಳೆಯುವ ಲೆಕ್ಕ

ಆನೆ ನೀಲಿ ಎಂದ ಘೋಸಾಳ್ಕರ್.
ಬೂದಿ, ಎಂದಳು ನರ್ಗಿಶ್, ಆನೆ ಎಂದ ಮೇಲೆ ಬೂದಿಯೇ ಅಲ್ಲವೇನ್ರೀ.
ಮರೂನು ಕಿವಿ, ಹಳದಿ ಕುಚ್ಚಿನ ಬಾಲ ಎಂದು
ಗಿರಿಧರ ಪುತ್ರನ್ ಮೇಜು ಗುದ್ದಿದ; ಪಾನಿಕಮ್ ಚಹಾ ತುಳುಕಿತು.
ಧೋಬಿ ತಲಾವಿನ ಇರಾನಿ ಹೋಟೆಲು,
ನಾಲ್ವರಿಗೂ ಐವತ್ತು ದಾಟಿದೆ.
ಆಗಿನ ಟಿವಿ ಕಪ್ಪುಬಿಳುಪು ಎಂಬುದು
ಯಾರಿಗೂ ನೆನಪಾಗಲಿಲ್ಲ. ನಾನೂ ಹೇಳಲಿಲ್ಲ.

ನನಗೆ ಆನೆಯೇ ಗೊತ್ತಿಲ್ಲ.
ಭಾಂಡುಪಿನ ನಮ್ಮ ಚಾಳಿನಲ್ಲಿ ಟಿವಿ ಇದ್ದದ್ದು ಒಂದೇ ಖೋಲಿಯಲ್ಲಿ,
ಆ ಖೋಲಿಯ ಬಾಗಿಲು ನಮ್ಮಂಥವರಿಗೆ ಅರ್ಧವೇ ತೆರೆಯುತ್ತಿತ್ತು.
ಒಳಗೆ ಅವರ ಮಕ್ಕಳು. ಹೊರಗೆ ನಾನು, ತೊಡೆಯ ಮೇಲೆ ತಮ್ಮ,
ಅವ್ವ ಗಾರೆ ಹೊರಲು ಹೋಗಿದ್ದಾಳೆ.
ಕಂಡದ್ದು ಎದುರು ಗೋಡೆಯ ಮೇಲೆ ಕುಣಿಯುವ ಬೆಳಕು,
ಕೇಳಿದ್ದು ಟ್ರಂಪೆಟ್.

ಕೂಡುವುದಕ್ಕೆ ಸ್ವರದ ಮೇಲೆ ಸ್ವರ ಏರಿಸುತ್ತಿದ್ದ ಆತ.
ಕಳೆಯುವುದಕ್ಕೆ
ಏಳು ಸ್ವರ ಊದಿ, ಮತ್ತೆ ಊದುವಾಗ
ಕೊನೆಯ ನಾಲ್ಕರ ಜಾಗದಲ್ಲಿ ಬರೀ ಉಸಿರು,
ಹಿತ್ತಾಳೆಯೊಳಗೆ ಯಾರೋ ನಿದ್ದೆ ಹೋದ ಹಾಗೆ.
ಉಳಿದದ್ದೆಷ್ಟು ಎಂದು ಹೆಂಗಸೊಬ್ಬಳು ಮರಾಠಿಯಲ್ಲಿ ಕೇಳುವಳು.
ಒಳಗಿನವರು ಪರದೆ ನೋಡಿ ಎಣಿಸುವಷ್ಟರಲ್ಲಿ
ನಾನು ಹೊರಗಿನಿಂದ ಕೂಗಿಯಾಗಿರುತ್ತಿತ್ತು:
ಮೂರು! ಆಮೇಲೆ ನಾಲಿಗೆ ಕಚ್ಚಿಕೊಂಡು, ತೀನ್!
ಬಾಗಿಲು ಇನ್ನೂ ಅರ್ಧ ಮುಚ್ಚುತ್ತಿತ್ತು.
ಮುಚ್ಚಲಿ. ಟ್ರಂಪೆಟ್ಟಿಗೆ ಸಂದು ಸಾಕು.

ಈಗ ವಡಾಳಾ ಡಿಪೋದಲ್ಲಿ ಕಂಡಕ್ಟರುಗಳ ಚೀಲ ಎಣಿಸುತ್ತೇನೆ.
ಹನ್ನೆರಡು ರೂಪಾಯಿ ಕಡಿಮೆ ಬಿದ್ದರೆ
ಕೈಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಇಷ್ಟು ವರ್ಷದ ಮೇಲೆ ಅವನಿಗೊಂದು ಹೆಸರು ಸಿಕ್ಕಿದ್ದು
ಇಂಟರ್ನೆಟ್ಟಿನ ಯಾವುದೋ ಪ್ರಶಸ್ತಿಯ ಪಟ್ಟಿಯಲ್ಲಿ:
ಅನಿಸೆತ್ ರೆಬೆಲೊ. ಮಕ್ಕಳಿಗೆ ಕಲಿಸಿದ ಸಂಗೀತ, ಹಳೆಯದು, ಎಂಬ ವಿಭಾಗ.
ಎದುರಿಗೆ ಹಲ್ಲುಜ್ಜುವ ಕರಡಿ, ಅಕ್ಷರ ಉಗುಳುವ ರೈಲು,
ನಾಲ್ಕು ಕೋಟಿ ಜನ ನೋಡಿದ ಒಂದು ಬದನೆಕಾಯಿ.
(ಬದನೆಕಾಯಿ ಹಳೆಯದು ಹೇಗಾಯಿತೋ, ಕೇಳುವವರಿಲ್ಲ.)
ಪುತ್ರನ್ ಸಸೂನ್ ಡಾಕಿನ ಮೀನಿನವರನ್ನೆಲ್ಲ ಹಿಡಿದು
ಒದ್ದೆ ಬೆರಳಲ್ಲೇ ಓಟು ಒತ್ತಿಸಿದ.
ನರ್ಗಿಶ್ ತೀರಿಹೋದ ಗಂಡನ ಫೋನಿನಿಂದಲೂ ಒಂದು ಒತ್ತಿದಳು,
ಅವರಿಗೂ ಇಷ್ಟವಿತ್ತು, ಮೋಸವೇನಲ್ಲ.
ಘೋಸಾಳ್ಕರ್ ಒಟಿಪಿ ಬರಲಿಲ್ಲವೆಂದು ಬೆಳಗಿನ ತನಕ ಬೈದ.
ಬದನೆಕಾಯಿ ಗೆದ್ದಿತು.

ಹೇಳಿ ಬರೋಣವೆಂದು ನಾಲ್ವರೂ ಹೋದೆವು.
ಗೋವೆಯವರ ಕೂಡ್, ಕಿರುಗುಡುವ ಮರದ ಮೆಟ್ಟಿಲು,
ಗೋಡೆಯುದ್ದಕ್ಕೂ ಟ್ರಂಕು, ಒಂದೊಂದಕ್ಕೂ ಒಬ್ಬೊಬ್ಬ ಮುದುಕ.
ಹಲ್ಲು ಕಟ್ಟಿಸಿದ ವರ್ಷ ಟ್ರಂಪೆಟ್ ಮಾರಿದೆ ಎಂದ ಅನಿಸೆತ್.
ಬದನೆಕಾಯಿ ಹಾಡುತ್ತದೆಯೇ? ಶ್ರುತಿ ಸರಿಯಿದೆಯೇ?
ಇದೆ ಎಂದ ಪುತ್ರನ್, ತಲೆ ತಗ್ಗಿಸಿ.
ಹಾಗಾದರೆ ಸರಿ.
ವರ್ಲಿಯ ಸ್ಟುಡಿಯೋದಲ್ಲಿ ನನಗೆ ದಿನಕ್ಕೆ ಎಪ್ಪತ್ತೈದು ರೂಪಾಯಿ,
ಚಹಾ ಅವರದೇ.

ಆ ಉಸಿರು? ಎಂದೆ. ಕಳೆಯುವಾಗಿನ ಉಸಿರು?
ಓ, ಅದಾ.
ಅಲ್ಲಿ ಸುಮ್ಮನಿರು ಎಂದು ಕಾಗದದಲ್ಲಿ ಬರೆದಿತ್ತು, ಬಾಯೀ.
ಆಗ ಸಿಗರೇಟು ಜಾಸ್ತಿ, ಏದುಸಿರು. ಮೈಕು ಹತ್ತಿರವಿತ್ತು.

ಹೊರಡುವಾಗ ಘೋಸಾಳ್ಕರನಿಗೆ ತಡೆಯಲಾಗಲಿಲ್ಲ:
ಆನೆ ಯಾವ ಬಣ್ಣದ್ದು?
ಯಾವ ಆನೆ? ಎಂದ ಮುದುಕ.
ನನ್ನನ್ನು ಕೂರಿಸಿದ್ದು ಪಕ್ಕದ ಕೋಣೆಯಲ್ಲಿ.
ಬಾಗಿಲು ಅರ್ಧ ತೆಗೆದಿಡುತ್ತಿದ್ದರು,
ಆ ಹೆಂಗಸು ಕೈ ಎತ್ತುವುದು ಕಾಣಲಿ ಎಂದು, ಅಷ್ಟೇ.

ಇಳಿಯುವಾಗ ದೀಪವಿರಲಿಲ್ಲ.
ಹತ್ತೊಂಬತ್ತು ಮೆಟ್ಟಿಲು, ನಡುವೆ ಒಂದು ಇಲ್ಲ.
ಪುತ್ರನ್ ಎಡವಿದ.
ನಾನು ಎಡವಲಿಲ್ಲ.